ಖಾಲಿ ಹಗ್ಗ ಯಾರಿಗೂ ಕಾಣಿಸಲಿಲ್ಲ: ಹವ್ಯಾಸಿ ಛಾಯಾಗ್ರಾಹಕರ ಬಳಗವೊಂದರ ಪ್ರಕರಣ ಅಧ್ಯಯನ

ಕಾರವಾರದ ನಮ್ಮ ಪುಟ್ಟ ಬಳಗದಲ್ಲಿ ಒಂದೇ ಛಾಯಾಚಿತ್ರ ಎರಡು ಬಾರಿ ಚರ್ಚೆಗೆ ಬಂತು. ನಡುವೆ ಒಂದೂವರೆ ವರ್ಷಕ್ಕೂ ಹೆಚ್ಚಿನ ಅಂತರವಿತ್ತು. ಮೊದಲ ಸಲದ ಚರ್ಚೆ ಮುಗಿದ ಮೇಲೆ ಚಿತ್ರ ತೆಗೆದವರು ಬಳಗಕ್ಕೆ ಬರುವುದನ್ನೇ ನಿಲ್ಲಿಸಿದರು. ಎರಡನೆಯ ಸಲದ ಚರ್ಚೆಯಿಂದ ಅವರ ಈವರೆಗಿನ ಅತ್ಯುತ್ತಮ ಚಿತ್ರಸರಣಿ ಹುಟ್ಟಿತು. ಚಿತ್ರ ಅದೇ, ಕೋಣೆ ಅದೇ, ನೋಡಿದವರೂ ಹೆಚ್ಚುಕಡಿಮೆ ಅವರೇ. ಬದಲಾದದ್ದು ಯಾರು ಯಾವಾಗ ಏನು ಮಾತನಾಡಬೇಕು ಎಂಬ ಕ್ರಮ ಮಾತ್ರ. ಆ ಕ್ರಮಕ್ಕೆ ನಾವು ಹೇಗೆ ಬಂದೆವು, ದಾರಿಯಲ್ಲಿ ಯಾವುದು ಕೈಕೊಟ್ಟಿತು ಎಂಬುದನ್ನು ಇಂಥದೇ ಬಳಗಗಳನ್ನು ನಡೆಸುತ್ತಿರುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗದಿರಲೆಂದು ಕೆಲವರ ವೃತ್ತಿ, ವಯಸ್ಸುಗಳನ್ನು ಬದಲಿಸಿದ್ದೇನೆ. ಕಡಲತೀರ, ಚಿತ್ರದ ವಿವರ, ನಡೆದ ಮಾತು ಇದ್ದಂತೆಯೇ ಇವೆ. ಮುಖ್ಯವಾದ ಇಬ್ಬರೂ ಬರಹವನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಚಿತ್ರ ತೆಗೆದವರನ್ನು 'ಅಕ್ಕೋರು' ಎನ್ನುತ್ತೇನೆ. ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಇನ್ನೊಬ್ಬರು ಬಹುಕಾಲ ಫೋಟೊ ಸ್ಟುಡಿಯೊ ನಡೆಸಿ ಈಗ ಬಾಗಿಲು ಹಾಕಿರುವ ಹಿರಿಯರು. ಬಳಗದ ಎಳೆಯರಿಗೆಲ್ಲ ಅವರು 'ಮಾಮ'.

ಬಳಗ ಮತ್ತು ಚಿತ್ರ

ತಿಂಗಳಿಗೊಂದು ಭಾನುವಾರ ಸಂಜೆ, ಮಕ್ಕಳ ಮನೆಪಾಠಕ್ಕೆಂದು ಬಾಡಿಗೆಗೆ ಕೊಡುವ ಕೋಣೆಯೊಂದರಲ್ಲಿ ಸೇರುತ್ತೇವೆ. ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಚಿತ್ರಗಳನ್ನು ಹಾಕಿ ಮಾತನಾಡುವುದು ರೂಢಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ಬಂದರಿನವರಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ, ಶಿರಸಿಯಿಂದ ಇಲ್ಲಿಗೆ ನೌಕರಿಗೆ ಬಂದ ಯುವಕನೊಬ್ಬನಿದ್ದಾನೆ. ಅರ್ಗಾ ಕಡೆಯ ನೌಕಾನೆಲೆಯ ಸುತ್ತ ಕ್ಯಾಮೆರಾ ಎತ್ತುವಂತಿಲ್ಲವಾದ್ದರಿಂದ ನಮ್ಮ ಓಡಾಟವೆಲ್ಲ ಟ್ಯಾಗೋರ್ ಕಡಲತೀರ, ಕೋಡಿಬಾಗ, ಕಾಳಿ ನದಿ ಸಮುದ್ರ ಸೇರುವ ಜಾಗ, ಸದಾಶಿವಗಡದ ಗುಡ್ಡ, ಮಾಜಾಳಿ ಇಷ್ಟರಲ್ಲೇ. ನಮ್ಮಲ್ಲಿ ಹೆಚ್ಚಿನವರು ತೆಗೆಯುವುದು ಒಂದೇ ಜಾಗಗಳ ಚಿತ್ರವನ್ನು. ಹಾಗಾಗಿ ಒಬ್ಬರ ಚಿತ್ರದ ಬಗ್ಗೆ ಉಳಿದವರೆಲ್ಲರಿಗೂ ಮೊದಲೇ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಇದು ಮುಂದಿನ ಕತೆಗೆ ಮುಖ್ಯ.

ಅಕ್ಕೋರು ಹುಟ್ಟಿ ಬೆಳೆದದ್ದು ಕಡಲ ದಂಡೆಯ ಊರಿನಲ್ಲಿ. ಮಧ್ಯವಯಸ್ಸಿನಲ್ಲಿ ಕ್ಯಾಮೆರಾ ಕೊಂಡು, ಕೈಪಿಡಿ ಓದಿ ಓದಿ ಕಲಿತವರು. 2023ರ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ರಂಪಣಿ ಬಲೆ ಎಳೆಯುವುದನ್ನು ಚಿತ್ರಿಸಿದ್ದರು. ನೋಡದವರಿಗಾಗಿ ಹೇಳುತ್ತೇನೆ: ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧಚಂದ್ರದಂತೆ ದೊಡ್ಡ ಬಲೆ ಬಿಟ್ಟು, ಅದರ ಎರಡೂ ತುದಿಗಳ ಹಗ್ಗವನ್ನು ದಂಡೆಗೆ ತಂದು, ಸಾಲಾಗಿ ನಿಂತು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆಯುವ ಮೀನುಗಾರಿಕೆ ಅದು. ಎಳೆಯುವವರ ಮುಖ ಕಡಲಿನ ಕಡೆಗಿರುತ್ತದೆ. ಊರಿಗೆ ಊರೇ ಕೈಹಚ್ಚುತ್ತಿದ್ದ ಕಸುಬು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳೂ, ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗಳೂ ಬಂದ ಮೇಲೆ ಇಳಿಮುಖವಾಯಿತು. ಈಗ ಅಲ್ಲೊಂದು ಇಲ್ಲೊಂದು ಕಡೆ ಉಳಿದಿದೆ.

ಅಕ್ಕೋರು ದಂಡೆಯ ಮೇಲ್ಭಾಗದಲ್ಲಿ, ಸಾಲಿನ ಹಿಂತುದಿಯಿಂದ ಬಹಳ ದೂರ ನಿಂತು, ಜೂಮ್ ಲೆನ್ಸನ್ನು 200 ಮಿಲಿಮೀಟರ್ ದಾಟಿಸಿ ಕಡಲಿನ ಕಡೆಗೆ ತೆಗೆದಿದ್ದರು. ಮೋಡ ಕವಿದ ಬೆಳಗು. ಚಿತ್ರದಲ್ಲಿ ಬಾಗಿದ ಬೆನ್ನುಗಳು, ಅವುಗಳ ನಡುವೆ ತೂರಿಹೋಗುವ ಹಗ್ಗ, ಮೇಲೆ ಬೆಳ್ಳಗೆ ಬೆಳಗಿಹೋದ ಆಕಾಶ.

ಮೊದಲ ಚರ್ಚೆ

ಚಿತ್ರ ಗೋಡೆಯ ಮೇಲೆ ಬಂದ ಕೂಡಲೇ ಎಲ್ಲರೂ ಮಾಮನ ಕಡೆ ತಿರುಗಿದರು. ಅದು ಅಲ್ಲಿಯವರೆಗಿನ ಪದ್ಧತಿ. ಅವರು ಹೇಳಿದ್ದು ಇಷ್ಟು: "ಅಕ್ಕೋರೇ, ದಿಗಂತ ಓರೆಯಾಗಿದೆ. ಆಕಾಶ ಪೂರ್ತಿ ಸುಟ್ಟಿದೆ, ಅಲ್ಲಿ ಏನೂ ಉಳಿದಿಲ್ಲ. ಇಷ್ಟು ಜನರಲ್ಲಿ ಒಂದು ಮುಖವೂ ಇಲ್ಲ. ಇಂಥದ್ದನ್ನು ಅಳಿಸಿಬಿಡುವುದು ಒಳ್ಳೆಯದು."

ಅವರ ನಂತರ ಮಾತನಾಡಿದವರು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಒಬ್ಬರು ಎಡ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಮನುಷ್ಯನನ್ನು ತೋರಿಸಿದರು. ಇನ್ನೊಬ್ಬರು ಕಪ್ಪುಬಿಳುಪು ಮಾಡಿದ್ದರೆ ಚೆನ್ನಿತ್ತು ಎಂದರು. ಅಕ್ಕೋರು ಎಲ್ಲಕ್ಕೂ ತಲೆಯಾಡಿಸಿದರು. ಏನು ತೋರಿಸಲು ಹೊರಟಿದ್ದಿರಿ ಎಂದು ಯಾರೂ ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ. ಮುಂದಿನ ತಿಂಗಳು ಅವರು ಬರಲಿಲ್ಲ. ಆಮೇಲೂ ಬರಲಿಲ್ಲ.

ಇಲ್ಲಿ ಮಾಮನನ್ನು ಖಳನಾಯಕನನ್ನಾಗಿ ಮಾಡುವುದು ಅನ್ಯಾಯ. ಅವರು ಕಲಿತದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿನಲ್ಲಿ 36 ಚಿತ್ರ. ಮದುವೆಯ ಧಾರೆಯ ಹೊತ್ತಿಗೆ ಫ್ಲಾಶ್ ತಪ್ಪಿದರೆ ಆ ಗಳಿಗೆ ಮತ್ತೆ ಬರುವುದಿಲ್ಲ, ಗಿರಾಕಿಯ ಎದುರು ಉತ್ತರವೂ ಇಲ್ಲ. ದೋಷವನ್ನು ಕಂಡಕೂಡಲೇ ದೋಷವೆಂದು ಹೇಳುವುದು ಆ ಕಸುಬಿನಲ್ಲಿ ಶಿಷ್ಯನಿಗೆ ಮಾಡುವ ಉಪಕಾರವೇ. ಅವರು ಹೇಳಿದ ಮೂರೂ ಸಂಗತಿಗಳು ನಿಜವಾಗಿಯೂ ಚಿತ್ರದಲ್ಲಿದ್ದವು. ಆದರೂ ಆ ಮಾತುಗಳಿಂದ ಅಕ್ಕೋರಿಗೆ ಮಾಡಲು ಏನೂ ಸಿಗಲಿಲ್ಲ. ದಿಗಂತ ನೆಟ್ಟಗೆ ಮಾಡಿ, ಆಕಾಶ ಉಳಿಸಿಕೊಂಡು, ಎರಡು ಮುಖ ಸೇರಿಸಿದ್ದರೆ ಅವರಿಗೆ ಬೇಕಾದ ಚಿತ್ರ ಬರುತ್ತಿತ್ತೇ? ಬರುತ್ತಿರಲಿಲ್ಲ. ಅದು ನಮಗೆ ತಿಳಿದದ್ದು ಬಹಳ ತಡವಾಗಿ.

ಅದೇ ಹೊತ್ತಿಗೆ ಬಳಗದ ಮೊಬೈಲ್ ಗುಂಪಿನಲ್ಲಿ ಬೇರೆಯದೇ ವಾತಾವರಣ. ಯಾವ ಚಿತ್ರ ಹಾಕಿದರೂ 'ಸೂಪರ್', 'ಅದ್ಭುತ', ಚಪ್ಪಾಳೆ. ಕೋಣೆಯಲ್ಲಿ ಪೆಟ್ಟು, ಮೊಬೈಲಿನಲ್ಲಿ ಬೆಣ್ಣೆ. ಎರಡರಿಂದಲೂ ಕಲಿಯುವುದು ಸಾಧ್ಯವಿರಲಿಲ್ಲ. ಹೊಸಬರು ಚಿತ್ರ ತರುವುದನ್ನು ಕಡಿಮೆ ಮಾಡಿದರು. ತಂದವರು ಯಾರೂ ಬೆರಳು ತೋರಿಸಲಾಗದಂಥ ಸೂರ್ಯಾಸ್ತಗಳನ್ನಷ್ಟೇ ತಂದರು.

ಮೊದಲು ಮಾಡಿ ನೋಡಿದ್ದು

ಬಳಗದ ಸಂಚಾಲಕನಾಗಿ ನಾನು 2024ರ ಆರಂಭದಲ್ಲಿ ಒಂದು ನಿಯಮ ತಂದೆ. ಮೊದಲು ಒಂದು ಒಳ್ಳೆಯ ಮಾತು, ನಂತರ ಒಂದು ಕೊರತೆ, ಕೊನೆಗೆ ಮತ್ತೊಂದು ಒಳ್ಳೆಯ ಮಾತು. ತರಬೇತಿ ಶಿಬಿರಗಳಲ್ಲಿ ಎಲ್ಲರೂ ಕಲಿಸುವ ಸೂತ್ರ ಇದು. ಮಾತು ಮೃದುವಾಯಿತು, ಅಷ್ಟೇ. ಕೆಲವೇ ತಿಂಗಳಲ್ಲಿ ಎಲ್ಲರಿಗೂ ಗುಟ್ಟು ಗೊತ್ತಾಗಿ, ಮೊದಲ ಹೊಗಳಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳದಂತಾಯಿತು. ಕಾಲೇಜು ಹುಡುಗಿಯೊಬ್ಬಳು ನೇರವಾಗಿಯೇ ಹೇಳಿದಳು: "ಬಣ್ಣ ಚೆನ್ನಾಗಿದೆ ಅಂದ ಕೂಡಲೇ ನನಗೆ ಎದೆ ಹೊಡೆದುಕೊಳ್ಳುತ್ತದೆ, ಮುಂದೆ ಏನೋ ಕಾದಿದೆ ಅಂತ." ನಿಜವಾಗಿಯೂ ಮೆಚ್ಚಿದ ಚಿತ್ರಕ್ಕೆ ಹೇಳುವ ಮಾತೂ ಬೆಲೆ ಕಳೆದುಕೊಂಡಿತು. ಇದು ನನಗೆ ಹೆಚ್ಚು ನೋವು ತಂದ ಪರಿಣಾಮ.

ಮುಂದೆ ಅಂಕಪಟ್ಟಿ. ಸ್ಪಷ್ಟತೆ, ಬೆಳಕು, ಚೌಕಟ್ಟು, ವಿಷಯ ಎಂದು ನಾಲ್ಕು ಅಂಕಣ, ಒಂದೊಂದಕ್ಕೂ ಹತ್ತು ಅಂಕ, ಹೆಸರಿಲ್ಲದ ಚೀಟಿ. ಛಾಯಾಚಿತ್ರ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೆಲವೇ ಕ್ಷಣ ನೋಡಿ ಅಂಕ ಕೊಡುವ ಪದ್ಧತಿಯಿಂದ ಎತ್ತಿಕೊಂಡದ್ದು. ಇದರ ಲಾಭವನ್ನು ಮುಚ್ಚಿಡುವುದಿಲ್ಲ. ಓರೆ ದಿಗಂತಗಳು ನೆಟ್ಟಗಾದವು. ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳು ಮಾಯವಾದವು. ಕಡಲ ಗಾಳಿಯ ಉಪ್ಪು ಲೆನ್ಸಿನ ಮೇಲೆ ಕೂತು ಚಿತ್ರ ಮಸುಕಾಗುವುದನ್ನು ಎಲ್ಲರೂ ಗಮನಿಸತೊಡಗಿದರು.

ನಷ್ಟ ಕಾಣಿಸಿದ್ದು 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ. ಇಡೀ ಪಟ್ಟಣವನ್ನು ಬೆಚ್ಚಿಬೀಳಿಸಿದ ಘಟನೆ. ಬಳಗದ ಅನೇಕರು ಅದರ ಚಿತ್ರ ತಂದರು. ಎಲ್ಲವೂ ಸ್ಪಷ್ಟ, ಎಲ್ಲದರ ದಿಗಂತವೂ ನೆಟ್ಟಗೆ, ಎಲ್ಲಕ್ಕೂ ಒಳ್ಳೆಯ ಅಂಕ. ಯಾವುದು ಯಾರದೆಂದು ಗುರುತಿಸಲಾಗಲಿಲ್ಲ. ದಿನಾಲೂ ಆ ಸೇತುವೆ ದಾಟುತ್ತಿದ್ದವರೂ ಅದನ್ನು ಮೊದಲ ಬಾರಿಗೆ ನೋಡಲು ಬಂದವರಂತೆ ಚಿತ್ರಿಸಿದ್ದರು.

ತಿರುವು ಬಂದದ್ದು 2025ರ ಹೋಳಿಯ ನಂತರ. ಶಿರಸಿಯ ಯುವಕ ತನ್ನೂರಿಗೆ ಹೋಗಿ ಬೇಡರ ವೇಷದ ಚಿತ್ರ ತಂದಿದ್ದ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷಗಳಲ್ಲಿ ಹೋಳಿಯ ರಾತ್ರಿಗಳಲ್ಲಿ ಅಲ್ಲಿ ನಡೆಯುವ ಕುಣಿತ ಅದು. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಅಬ್ಬರಕ್ಕೆ ಮೈಮರೆತು ನುಗ್ಗುವ ಬೇಡನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವವರು. ಬೀದಿದೀಪದ ಬೆಳಕಿನಲ್ಲಿ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಕಾಲ ಶಟರ್ ತೆರೆದು ತೆಗೆದ ಆ ಚಿತ್ರದಲ್ಲಿ ಗರಿಗಳೆಲ್ಲ ಗೀರುಗಳಾಗಿದ್ದವು. ಕಣ್ಣು ಮಾತ್ರ ಕಾಣುತ್ತಿತ್ತು. ಸ್ಪಷ್ಟತೆಗೆ ಅದಕ್ಕೆ ಆ ತಿಂಗಳ ಅತಿ ಕಡಿಮೆ ಅಂಕ. ಚೀಟಿ ಎಣಿಸಿ ಮುಗಿಸಿ ಚಹಾಕ್ಕೆ ಎದ್ದರೆ, ಕೋಣೆಯ ಮೂಲೆ ಮೂಲೆಯಲ್ಲೂ ಅದರದೇ ಮಾತು. "ತಮಟೆ ಕೇಳಿಸುತ್ತದೆ ಮಾರಾಯರೇ" ಎಂದರು ಬ್ಯಾಂಕಿನವರು. "ಅವನು ನನ್ನ ಮೇಲೇ ಬರುತ್ತಾನೆ ಅನ್ನಿಸಿತು" ಎಂದಳು ಕಾಲೇಜು ಹುಡುಗಿ. ಈ ಎರಡು ಮಾತುಗಳಲ್ಲಿ ಒಂದೂ ಯಾವ ಚೀಟಿಯಲ್ಲೂ ಇರಲಿಲ್ಲ. ಆ ಯುವಕನಿಗೆ ಸಿಕ್ಕದ್ದು ಒಂದು ಅಂಕಿ. ಅವನಿಗೆ ಬೇಕಿದ್ದದ್ದು ಚಹಾದ ಲೋಟ ಹಿಡಿದು ಆಡಿದ ಆ ಮಾತು. ಅಂಕಪಟ್ಟಿಯನ್ನು ಅಂದೇ ಕೈಬಿಟ್ಟೆವು.

ಸರದಿ ಬದಲಿಸಿದ್ದು

ಇಂಥ ಮಾತಿಗೆ ಒಂದು ಕ್ರಮ ಕೊಟ್ಟವರು ಈಗಾಗಲೇ ಇದ್ದಾರೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಕಲಾಕೃತಿಗಳಿಗೆ ಪ್ರತಿಕ್ರಿಯಿಸುವ ನಾಲ್ಕು ಹಂತಗಳ ವಿಧಾನವೊಂದನ್ನು ರೂಪಿಸಿದರು. ನೋಡಿದವರು ತಮಗೆ ತಟ್ಟಿದ್ದನ್ನು ಹೇಳಬೇಕು. ನಂತರ ಕಲಾವಿದರು ತಮ್ಮ ಪ್ರಶ್ನೆ ಕೇಳಬೇಕು. ಮೂರನೆಯದಾಗಿ ನೋಡಿದವರು ಒಳಗೊಳಗೇ ತೀರ್ಪು ಅಡಗಿಸಿಡದ ಸರಳ ಪ್ರಶ್ನೆ ಕೇಳಬೇಕು. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ನಾವು ಇದನ್ನು ಆಧಾರವಾಗಿಟ್ಟುಕೊಂಡು ಮೂರು ಮಾರ್ಪಾಡು ಮಾಡಿಕೊಂಡೆವು.

ಮೊದಲನೆಯದು ವಯಸ್ಸಿನದು. ನಮ್ಮಲ್ಲಿ ಹಿರಿಯರು ಮೊದಲು ಮಾತನಾಡಿದರೆ ಕಿರಿಯರ ಮಾತು ಅಲ್ಲಿಗೇ ಮುಗಿಯಿತು. ಗೌರವವೇ ಬಾಯಿ ಕಟ್ಟುತ್ತದೆ. ಅದಕ್ಕಾಗಿ ಅತಿ ಕಿರಿಯರಿಂದ ಶುರುಮಾಡಿ ಹಿರಿಯರ ಕಡೆಗೆ ಹೋಗುವುದೆಂದು ಗೊತ್ತುಮಾಡಿದೆವು. ಎರಡನೆಯದು, ಚಿತ್ರ ತೆಗೆದವರ ಮೌನ. ಎಲ್ಲರೂ ತಾವು ಕಂಡದ್ದನ್ನು ಹೇಳಿ ಮುಗಿಸುವವರೆಗೆ ಅವರು ಜಾಗ, ದಿನ, ಉದ್ದೇಶ, ಶೀರ್ಷಿಕೆ ಯಾವುದನ್ನೂ ಹೇಳುವಂತಿಲ್ಲ. ಉದ್ದೇಶವನ್ನು ಮೊದಲೇ ಹೇಳಿಬಿಟ್ಟರೆ ಸಭ್ಯ ಜನ ಅದನ್ನೇ ಚಿತ್ರದಲ್ಲಿ ಕಂಡುಬಿಡುತ್ತಾರೆ. ಚಿತ್ರ ಗೋಡೆಯ ಮೇಲೆ ಒಂಟಿಯಾಗಿ ನಿಂತಾಗ ಎಷ್ಟು ಹೇಳಬಲ್ಲದೆಂಬುದು ಆಗ ತಿಳಿಯುವುದೇ ಇಲ್ಲ.

ಮೂರನೆಯದು ಮಾಮನಿಂದಾಗಿ ಬಂತು. ಅವರ ಮನೆಗೆ ಹೋಗಿ ವಿವರಿಸಿದಾಗ ಅವರು ಕೊನೆಯ ಸರದಿಗೆ ಕೂಡಲೇ ಒಪ್ಪಿದರು. ಒಪ್ಪದಿದ್ದದ್ದು ಬೇರೆಯದಕ್ಕೆ. "ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ನನ್ನಿಂದಾಗದು. ಅದು ಹುಡುಗರಿಗೆ ಮೋಸ" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ತಾಂತ್ರಿಕ ದೋಷಗಳನ್ನು ಒಂದು ಚೀಟಿಯಲ್ಲಿ ಬರೆದು, ಸಭೆ ಮುಗಿದ ಮೇಲೆ ಚಿತ್ರ ತೆಗೆದವರ ಕೈಗೇ ಕೊಡುವುದೆಂದು ತೀರ್ಮಾನವಾಯಿತು. ಅವರ ಚೀಟಿಗಳನ್ನು ಈಗ ಹುಡುಗರು ಜೋಪಾನವಾಗಿ ತೆಗೆದಿಡುತ್ತಾರೆ. ಎಲ್ಲರೆದುರು ಕೇಳಿದರೆ ಮುಖ ಸಪ್ಪೆಯಾಗುವ ಮಾತು ಕಾಗದದಲ್ಲಿ ಬಂದರೆ ಉಪಯೋಗಕ್ಕೆ ಬರುತ್ತದೆ ಎಂಬುದು ನಾನು ಕಣ್ಣಾರೆ ಕಂಡ ಸಂಗತಿ.

ಹೊಸ ಕ್ರಮ ಒಂದಿಷ್ಟು ಪಳಗಿದ ಮೇಲೆ ಅಕ್ಕೋರಿಗೆ ಫೋನ್ ಮಾಡಿ ಬದಲಾವಣೆಯನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬರುತ್ತೇನೆ. ಆದರೆ ಅದೇ ಚಿತ್ರ ತರುತ್ತೇನೆ" ಎಂದರು. ಮಾಮನಿಗೆ ಮೊದಲೇ ತಿಳಿಸಬೇಕೇ ಬೇಡವೇ ಎಂದು ಯೋಚಿಸಿ, ತಿಳಿಸಿದೆ. "ತರಲಿ, ನಾನು ಕಡೆಯವನಲ್ಲವೇ" ಎಂದರು.

ಎರಡನೆಯ ಚರ್ಚೆ

ಮೊದಲ ಮಾತು ಕಾಲೇಜು ಹುಡುಗಿಯದು: "ಜಾತ್ರೆಯ ತೇರು ಎಳೆಯುವ ಹಾಗೆ ಕಂಡಿತು. ತುಂಬ ಜನ." ಶಿರಸಿಯ ಯುವಕ, "ನನ್ನ ಕಣ್ಣು ಮೊದಲು ಹೋದದ್ದು ಮೇಲೆ ಬಲಗಡೆಯ ಬೆಳ್ಳನೆಯ ಆಕಾಶಕ್ಕೆ. ಅಲ್ಲಿಂದ ಕೆಳಗೆ ಬರಲು ಹೊತ್ತು ಹಿಡಿಯಿತು" ಎಂದ. ಬಂದರಿನವರಿಗೆ ಒಗ್ಗಟ್ಟು ಕಂಡಿತು. ಬ್ಯಾಂಕಿನವರು ಬೆನ್ನುಗಳ ಮೇಲಿನ ಬೆವರಿನ ಕಲೆಗಳನ್ನು ಗುರುತಿಸಿ, ದುಡಿಮೆಯ ಚಿತ್ರ ಎಂದರು. ಕೊನೆಗೆ ಮಾಮ: "ಒಬ್ಬರಿಗೊಬ್ಬರು ಮೈ ತಾಗಿಸಿಕೊಂಡು ನಿಂತಿದ್ದಾರೆ. ಕೈ ಹಾಕಲು ಜಾಗವಿಲ್ಲ ಅನ್ನಿಸುತ್ತದೆ."

ಅಷ್ಟೂ ಹೊತ್ತು ಅಕ್ಕೋರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಸರದಿ ಬಂದಾಗ ಹೇಳಿದರು: "ನಾನು ತೋರಿಸಬೇಕೆಂದಿದ್ದದ್ದು ಖಾಲಿ ಹಗ್ಗವನ್ನು. ನಾನು ಸಣ್ಣವಳಿದ್ದಾಗ ಆ ಹಗ್ಗಕ್ಕೆ ಕೈಹಚ್ಚಲು ಜಾಗ ಸಿಗುತ್ತಿರಲಿಲ್ಲ, ಮಕ್ಕಳನ್ನು ಆಚೆ ತಳ್ಳುತ್ತಿದ್ದರು. ಈಗ ಇಬ್ಬರ ನಡುವೆ ಇನ್ನಿಬ್ಬರು ನಿಲ್ಲುವಷ್ಟು ಹಗ್ಗ ಖಾಲಿ ಬಿದ್ದಿರುತ್ತದೆ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಾರೆ."

ತಾನು ತೋರಿಸಬೇಕೆಂದಿದ್ದಕ್ಕೆ ನೇರ ವಿರುದ್ಧವಾದದ್ದನ್ನು ಚಿತ್ರ ತೋರಿಸುತ್ತಿತ್ತು. ಎಲ್ಲರಿಗೂ ಜನಜಂಗುಳಿ ಕಂಡಿತ್ತು. ಮೊದಲ ಚರ್ಚೆಯಲ್ಲಿ ಅಷ್ಟು ಮಾತಾದರೂ ಈ ಸಂಗತಿ ಹೊರಬಂದಿರಲಿಲ್ಲ. ದೋಷ ದಿಗಂತದ್ದೂ ಅಲ್ಲ, ಮುಖಗಳದ್ದೂ ಅಲ್ಲ.

ಆಮೇಲೆ ನಡೆದದ್ದು ನಾನು ಈ ಬಳಗದಲ್ಲಿ ಕಂಡ ಅತ್ಯುತ್ತಮ ಪಾಠ. ಅದನ್ನು ಕೊಟ್ಟವರು ಮಾಮ. ಅವರು ಕೇಳಿದ್ದು ಎರಡೇ ಪ್ರಶ್ನೆ: "ಎಲ್ಲಿ ನಿಂತಿದ್ದಿರಿ? ಯಾವ ಲೆನ್ಸು?" ಉತ್ತರ ಕೇಳಿ, "ಒಂದು ಸಲಹೆ ಇದೆ, ಹೇಳಲೇ?" ಎಂದರು. ಅಕ್ಕೋರು ಹೂಂ ಎಂದ ಮೇಲೆ ಎದ್ದುಹೋಗಿ ಚಹಾದ ಖಾಲಿ ಲೋಟಗಳನ್ನು ತಂದು ಉದ್ದ ಮೇಜಿನ ಮೇಲೆ ಒಂದು ಗೇಣಿನ ಅಂತರ ಬಿಟ್ಟು ಸಾಲಾಗಿ ಇಟ್ಟರು. ಅಕ್ಕೋರ ಕೈಗೆ ಮೊಬೈಲ್ ಕೊಟ್ಟು ಸಾಲಿನ ತುದಿಯ ನೇರಕ್ಕೆ, ಕೋಣೆಯ ಆ ಮೂಲೆಗೆ ಹೋಗಿ ನಿಂತು ಜೂಮ್ ಮಾಡಲು ಹೇಳಿದರು. ಪರದೆಯಲ್ಲಿ ಲೋಟಗಳು ಒಂದರೊಳಗೊಂದು ಹೊಕ್ಕಂತೆ ಕಂಡವು. ನಂತರ ಮೇಜಿನ ಪಕ್ಕಕ್ಕೆ ಕರೆದು, ಮೇಜಿನ ಮಟ್ಟಕ್ಕೆ ಬಗ್ಗಿಸಿ, ಜೂಮ್ ಇಲ್ಲದೆ ಹತ್ತಿರದಿಂದ ನೋಡಿಸಿದರು. ಪ್ರತಿ ಎರಡು ಲೋಟದ ನಡುವಿನ ಖಾಲಿ ಜಾಗ ಲೋಟಕ್ಕಿಂತ ದೊಡ್ಡದಾಗಿ ಕಂಡಿತು.

ದೂರ ನಿಂತಷ್ಟೂ ಹತ್ತಿರದ ಮತ್ತು ದೂರದ ವಸ್ತುಗಳ ಗಾತ್ರದ ವ್ಯತ್ಯಾಸ ಕಡಿಮೆಯಾಗಿ ನಡುವಿನ ಅಂತರ ಕುಗ್ಗಿದಂತೆ ಕಾಣುತ್ತದೆ. ಜೂಮ್ ಲೆನ್ಸ್ ಆ ಕುಗ್ಗಿದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ. ಸಾಲಿನ ನೇರಕ್ಕೆ ನಿಂತರೆ ಜನ ಒಬ್ಬರ ಹಿಂದೊಬ್ಬರು ಮರೆಯಾಗುವುದರಿಂದ ಖಾಲಿ ಹಗ್ಗ ಕಾಣುವುದೇ ಇಲ್ಲ. ಅಕ್ಕೋರು ತಮಗೆ ಬೇಕಾದದ್ದನ್ನು ಅಡಗಿಸಲು ಅತ್ಯಂತ ಅನುಕೂಲವಾದ ಜಾಗವನ್ನೇ ಆಯ್ದುಕೊಂಡಿದ್ದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆಕಾಶ ಸುಟ್ಟಿದೆ ಎಂಬ ಹಳೆಯ ಆಕ್ಷೇಪ ಮತ್ತೆ ಬಂತು; ಈ ಸಲ ಅಕ್ಕೋರೇ ಎತ್ತಿದರು. ಶಿರಸಿಯ ಯುವಕನ ಕಣ್ಣು ಮೊದಲು ಆಕಾಶಕ್ಕೆ ಹೋಯಿತೆಂದರೆ ಹಗ್ಗದಿಂದ ಆಚೆಗೆ ಹೋಯಿತೆಂದೇ ಅರ್ಥ, ಹಾಗಾದರೆ ಅದನ್ನು ತಗ್ಗಿಸಬೇಕು ಎಂದರು. ಅದೇ ದೋಷ, ಅದೇ ಪರಿಹಾರ. ಮೊದಲ ಸಲ ಅದು ಅವರಿಗೆ ಬೈಗುಳವಾಗಿತ್ತು, ಈ ಸಲ ಕೆಲಸವಾಯಿತು. ಮುಖವಿಲ್ಲ ಎಂಬ ಆಕ್ಷೇಪವನ್ನು ಮಾಮ ತಾವಾಗಿಯೇ ಕೈಬಿಟ್ಟರು. ಖಾಲಿ ಹಗ್ಗ ತೋರಿಸುವ ಚಿತ್ರದಲ್ಲಿ ಮುಖ ಬಂದರೆ ನೋಡುವವರು ಮುಖವನ್ನೇ ನೋಡುತ್ತಾರೆ ಎಂದರು.

ಮುಂದಿನ ಚಿತ್ರಗಳು

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅಕ್ಕೋರು ಮತ್ತೆ ದಂಡೆಗೆ ಹೋದರು. ಈ ಬಾರಿ ನೀರಿನಂಚಿನ ಒದ್ದೆ ಮರಳಿನಲ್ಲಿ, ಸಾಲಿನ ಪಕ್ಕಕ್ಕೆ, ಹಗ್ಗಕ್ಕೆ ಹತ್ತಿರವಾಗಿ ಮಂಡಿಯೂರಿ, ಅಗಲ ನೋಟದ ಲೆನ್ಸಿನಲ್ಲಿ ತೆಗೆದರು. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ಗುಡ್ಡದ ಕಡೆಯಿಂದ ಬರುತ್ತದೆ. ದಂಡೆಯುದ್ದಕ್ಕೆ ನೋಡುತ್ತ ನಿಂತರೆ ಅದು ಪಕ್ಕದಿಂದ ಬೀಳುವ ಬೆಳಕು. ಹಗ್ಗದ ಹುರಿಯ ಎಳೆ ಎಳೆಯೂ ಅದರಲ್ಲಿ ಎದ್ದು ಕಾಣುತ್ತದೆ. ಆಕಾಶ ಉಳಿಯಲೆಂದು ಬೆಳಕನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ತಗ್ಗಿಸಿದ್ದರು. ಚೌಕಟ್ಟಿನ ಎಡಕ್ಕೆ ಇಬ್ಬರು, ಬಲತುದಿಯಲ್ಲಿ ಒಬ್ಬಾಕೆ, ನಡುವೆ ಉದ್ದಕ್ಕೆ ಬಿಗಿದುನಿಂತ ಹಗ್ಗ ಮಾತ್ರ.

ಆ ಚಿತ್ರವನ್ನು ಅವರು ಬಳಗಕ್ಕೆ ತರುವ ಮೊದಲು ಹಗ್ಗ ಎಳೆಯುತ್ತಿದ್ದವರಿಗೇ ತೋರಿಸಿದರು. ಇದು ಅವರದೇ ನಿರ್ಧಾರ, ನಮ್ಮ ಕ್ರಮದಲ್ಲಿ ಇರಲಿಲ್ಲ. ಹಳೆಯದನ್ನೂ ಮೊಬೈಲಿನಲ್ಲಿ ತೋರಿಸಿದಾಗ ಒಬ್ಬರು ಎಡ ಅಂಚಿನಲ್ಲಿ ಅರ್ಧ ಕತ್ತರಿಸಿಹೋದವನ ಮೇಲೆ ಬೆರಳಿಟ್ಟು, "ಇವನೇ ನಮ್ಮ ತಾಂಡೇಲ. ಇವನ ಕೂಗಿಗೇ ಎಲ್ಲರೂ ಎಳೆಯುವುದು. ಇವನನ್ನೇ ಬಿಟ್ಟಿರಲ್ಲ" ಎಂದರಂತೆ. ನಾವೂ ಆ ಅರ್ಧ ಮನುಷ್ಯನನ್ನು ಗುರುತಿಸಿದ್ದೆವು, ಅಂಚು ಸ್ವಚ್ಛವಾಗಲಿ ಎಂಬಷ್ಟಕ್ಕೇ. ಸರಣಿಯಲ್ಲಿ ಈಗ ತಾಂಡೇಲನದೇ ಒಂದು ಚಿತ್ರವಿದೆ, ಬಾಯಿ ತೆರೆದು ಕೂಗುತ್ತಿರುವುದು.

ಹೊಸ ಚಿತ್ರ ಗೋಡೆಯ ಮೇಲೆ ಬಂದಾಗ, ಏನೂ ಗೊತ್ತಿಲ್ಲದ ಹೊಸ ಸದಸ್ಯನೊಬ್ಬ ಮೊದಲು ಮಾತನಾಡಿದ: "ಇವರಿಗೆ ಜನ ಸಾಲುತ್ತಿಲ್ಲ." ಅಕ್ಕೋರು ನೋಟ್‌ಬುಕ್ ಮುಚ್ಚಿದರು.

ಇದರಿಂದ ತಿಳಿದದ್ದು

ಸ್ವೀಕರಿಸುವವರ ಕೆಲಸವನ್ನು ನಾವು ಸಾಮಾನ್ಯವಾಗಿ ತಾಳ್ಮೆ ಎಂಬಷ್ಟಕ್ಕೆ ಇಳಿಸಿಬಿಡುತ್ತೇವೆ. ಅಕ್ಕೋರ ನೋಟ್‌ಬುಕ್ ಅದಕ್ಕಿಂತ ಹೆಚ್ಚಿನದನ್ನು ಕಲಿಸಿತು. ಪುಟವನ್ನು ಎರಡು ಭಾಗ ಮಾಡಿ, ಸಭೆಗೆ ಬರುವ ಮೊದಲೇ ಒಂದು ಕಡೆ ತಾವು ಏನು ತೋರಿಸಬೇಕೆಂದಿದ್ದೇವೆ ಎಂದು ಬರೆದಿರುತ್ತಾರೆ. ಇನ್ನೊಂದು ಕಡೆ ಯಾರು ಏನು ಕಂಡರೆಂದು ಅವರವರ ಮಾತಿನಲ್ಲೇ ಬರೆಯುತ್ತಾರೆ. ಮೊದಲೇ ಬರೆದಿಡುವುದು ಬಹಳ ಮುಖ್ಯ. ಇಲ್ಲವಾದರೆ ಬೇರೆಯವರು ಮೆಚ್ಚಿದ್ದನ್ನು ಕೇಳಿ, ತಮ್ಮ ಉದ್ದೇಶವೂ ಅದೇ ಆಗಿತ್ತೆಂದು ಮನಸ್ಸು ನಂಬಿಬಿಡುತ್ತದೆ. ಒಬ್ಬರೇ ಹೇಳಿದ ಮಾತನ್ನು ಅವರು ಇನ್ನೊಬ್ಬರ ಬಾಯಲ್ಲೂ ಬರುವವರೆಗೆ ಕಾಯಿಸಿಡುತ್ತಾರೆ. ಕಪ್ಪುಬಿಳುಪಿನ ಸಲಹೆಯನ್ನು ಅವರು ಕೊನೆಗೂ ಒಪ್ಪಲಿಲ್ಲ. ಕಪ್ಪುಬಿಳುಪಾದರೆ ನೋಡುವವರು ಇದನ್ನು ಎಂದೋ ಮುಗಿದ ಕಾಲದ ಚಿತ್ರವೆಂದುಕೊಳ್ಳುತ್ತಾರೆ, ಇದು ಇಂದಿನದು ಎಂಬುದು ಅವರ ಕಾರಣ. ಹೀಗೆ ಕಾರಣ ಕೊಟ್ಟು ಸಲಹೆಯನ್ನು ನಿರಾಕರಿಸಿದವರನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಕೊಡುವವರಿಗೆ ಕಷ್ಟವಾದದ್ದು ತೀರ್ಪನ್ನು ಹಿಡಿದಿಟ್ಟುಕೊಂಡು, ಕಂಡದ್ದನ್ನಷ್ಟೇ ಹೇಳುವುದು. "ಬೆಳಕು ಚೆನ್ನಾಗಿಲ್ಲ" ಎನ್ನುವವರನ್ನು ತಡೆದು "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ?" ಎಂದು ಕೇಳಬೇಕಾಗುತ್ತದೆ. ಸಂಚಾಲಕರು ಆರಂಭದ ಸಭೆಗಳಲ್ಲಿ ಇದನ್ನು ಬಿಗಿಯಾಗಿಯೇ ಮಾಡಬೇಕು. ಒಬ್ಬರಿಗೆ ಸಡಿಲ ಬಿಟ್ಟರೆ ಕ್ರಮ ಅಲ್ಲಿಗೇ ಕುಸಿಯುತ್ತದೆ.

ಈ ಕ್ರಮ ಎಲ್ಲ ಚಿತ್ರಕ್ಕೂ ಒಗ್ಗಲಿಲ್ಲ. ನಮ್ಮಲ್ಲಿ ದಾಂಡೇಲಿಯ ಕಾಡಿಗೆ ಹೋಗಿ ಮಂಗಟ್ಟೆ ಹಕ್ಕಿಯ ಚಿತ್ರ ತರುವವರಿದ್ದಾರೆ. ಅವರಿಗೆ ಬೇಕಾದದ್ದು ಕಣ್ಣಿನ ಮೇಲೆ ಫೋಕಸ್ ಕೂತಿದೆಯೇ, ಕೊಕ್ಕಿನ ಬಣ್ಣ ಸರಿಯಾಗಿ ಬಂದಿದೆಯೇ, ರೆಕ್ಕೆಯ ಚಲನೆ ನಿಂತಿದೆಯೇ ಎಂಬುದು. ಸುತ್ತು ಕೂತು ಒಬ್ಬೊಬ್ಬರೂ "ನನಗೆ ಹಕ್ಕಿ ಕಂಡಿತು" ಎನ್ನುವುದರಿಂದ ಅವರಿಗೆ ಏನೂ ಸಿಗುವುದಿಲ್ಲ. ಒಬ್ಬರು ಅದೇ ಬೇಸರದಲ್ಲಿ ಬಳಗ ಬಿಟ್ಟರು. ಈಗ ಚಿತ್ರ ಕೊಡುವಾಗಲೇ 'ದಾಖಲೆ' ಅಥವಾ 'ಅಭಿವ್ಯಕ್ತಿ' ಎಂದು ಗುರುತು ಹಾಕುತ್ತಾರೆ. ದಾಖಲೆಯೆಂದು ಬಂದದ್ದನ್ನು ಮಾಮ ಮತ್ತು ಹಕ್ಕಿ ಬಲ್ಲವರೊಬ್ಬರು ನೇರವಾಗಿ ತಾಂತ್ರಿಕವಾಗಿಯೇ ನೋಡುತ್ತಾರೆ.

ಸಮಯದ ಬೆಲೆಯನ್ನೂ ತೆರಬೇಕು. ಮೊದಲು ಒಂದು ಸಂಜೆಗೆ ಎಲ್ಲರ ಚಿತ್ರಗಳೂ ಮುಗಿಯುತ್ತಿದ್ದವು. ಈಗ ಮೂರೋ ನಾಲ್ಕೋ ಚಿತ್ರಗಳಿಗೇ ಕತ್ತಲಾಗುತ್ತದೆ. ಕೆಲವರ ಸರದಿ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ ಎಂಬ ದೂರು ನ್ಯಾಯವಾದದ್ದೇ. ಅದಕ್ಕಾಗಿ ಮೊಬೈಲ್ ಗುಂಪಿನಲ್ಲಿ ಒಂದು ಪ್ರಯೋಗ ಶುರುಮಾಡಿದ್ದೇವೆ. ಚಿತ್ರ ಹಾಕುವವರು ಇಬ್ಬರ ಹೆಸರು ಸೂಚಿಸಬೇಕು. ಅವರು 'ಸೂಪರ್' ಎನ್ನುವ ಬದಲು ಕಣ್ಣು ಮೊದಲು ಎಲ್ಲಿ ನಿಂತಿತು, ಏನು ನಡೆಯುತ್ತಿದೆ ಅನ್ನಿಸಿತು ಎಂಬ ಎರಡು ವಾಕ್ಯ ಬರೆಯಬೇಕು. ಎಳೆಯರು ಬರೆಯುತ್ತಿದ್ದಾರೆ. ಮಾ​ಮನಿಗೆ ಟೈಪ್ ಮಾಡುವುದು ತ್ರಾಸವಾದ್ದರಿಂದ ಧ್ವನಿ ಸಂದೇಶ ಕಳಿಸುತ್ತಾರೆ, ಕೊನೆಗೆ ಚೀಟಿಯ ಫೋಟೊ ತೆಗೆದು ಹಾಕುತ್ತಾರೆ. ಚೀಟಿಯನ್ನು ಗುಂಪಿಗೆ ಹಾಕದೆ ಆಯಾ ವ್ಯಕ್ತಿಗೆ ಮಾತ್ರ ಕಳಿಸಬೇಕೆಂದು ಅವರನ್ನು ಒಪ್ಪಿಸುವ ಕೆಲಸ ಇನ್ನೂ ನಡೆದಿದೆ.